ಅಗೆದು ನೋಡಿ

ರಾತ್ರಿ ಎರಡೂವರೆ. ಕೊನೆಯ ಲೋಕಲ್ಲಿನ ಸದ್ದೂ ಆರಿದ ಮೇಲೆ
ಚಿಂಚ್‌ಪೋಕಳಿ ಸೇತುವೆಯ ಕೆಳಗೆ ನಮ್ಮ ಕೆಲಸ ಶುರು.
ಬೀದಿದೀಪಕ್ಕೆ ಬೆನ್ನು ಮಾಡಿ
ಕಬ್ಬಿಣದ ಸರಳನ್ನು ಡಾಂಬರಿಗೆ ಊರಿ
ಮೇಲ್ತುದಿಗೆ ಕಿವಿ ಕೊಡುತ್ತಾನೆ ಲಗಮಣ್ಣ,
ಮುಚ್ಚಿದ ಬಾಗಿಲಾಚೆ ದೊಡ್ಡವರ ಮಾತು ಕದ್ದು ಕೇಳುವ
ಮಗುವಿನ ಹಾಗೆ.

"ಇಲ್ಲೇ ಐತಿ."

ಇಷ್ಟೇ. ಪಾಲಿಕೆಯ ಫಾರ್ಮಿನಲ್ಲಿ ನಾನು ತುಂಬುತ್ತೇನೆ:
ಸೋರಿಕೆ, ಶಂಕಿತ. ಆಳ, ತಿಳಿಯದು. ಆಧಾರ,
ಅಲ್ಲಿ ಪೆನ್ನು ನಿಲ್ಲುತ್ತದೆ.

ನನ್ನ ಹತ್ತಿರ ಯಂತ್ರವಿದೆ.
ಎರಡು ವಾಲ್ವಿಗೆ ಎರಡು ಬಿಲ್ಲೆ ಕಚ್ಚಿಸಿದರೆ
ನಡುವೆ ಎಲ್ಲಿ ನೀರು ಸೀಟಿ ಹೊಡೆಯುತ್ತಿದೆಯೋ ಅಲ್ಲಿ
ಪರದೆಯ ಮೇಲೊಂದು ಹಸಿರು ಗೂಟ ಏಳುತ್ತದೆ.
ಇವತ್ತು ಗೂಟವಿಲ್ಲ. ಪರದೆ ಬಟಾಬಯಲು.
"ಯಂತ್ರ ಇಲ್ಲ ಅನ್ನುತ್ತಿದೆ, ಲಗಮಣ್ಣ. ನಿನಗೆ ಹೇಗೆ ಗೊತ್ತು?"
"ಅಗದ ನೋಡ್ರಿ."

ಅಗೆದೆವು. ಮೊಳದುದ್ದ ಒಣ ಮಣ್ಣು.
ಪರುಳೇಕರ್ ಸಾಹೇಬರು ನನ್ನತ್ತ ನೋಡಿ ಹುಬ್ಬು ಹಾರಿಸಿದರು.
ಸೊಂಟದ ಮಟ್ಟಕ್ಕೆ ತಂಪು ವಾಸನೆ. ಆಮೇಲೆ
ಗುದ್ದಲಿಯ ಬಾಯಿಗೇ ಉಗುಳಿದ ಹಾಗೆ
ನೀರು.

ಇದನ್ನು ಪವಾಡ ಅಂದುಕೊಳ್ಳಬೇಡಿ.
ಲಾಲ್‌ಬಾಗಿನಲ್ಲಿ ಅವನ ಮಾತು ನಂಬಿ ಆಳುದ್ದ ತೋಡಿ
ಸಿಕ್ಕಿದ್ದು ಒಂದು ಒಡೆದ ಬಶಿ, ಎರಡು ಸತ್ತ ಇಲಿ.
ಅವನು ಕೇಳಿದ್ದು ಗೋಡೆಯಾಚೆಯ ಟ್ರಾನ್ಸ್‌ಫಾರ್ಮರಿನ ಗೊರಕೆ.
ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನಕ್ಕ:
"ಸುಳ್ಳ ಆತ ಬಿಡ್ರಿ."
ತಾನು ಆಡಿದ ಮಾತು ತನ್ನ ಕಣ್ಣೆದುರೇ ಸತ್ತಾಗ
ಹೀಗೆ ನಗಬಲ್ಲವರನ್ನು
ನಮ್ಮ ಕಚೇರಿಯ ಮೂರು ಮಹಡಿಗಳಲ್ಲೂ ನಾನು ಕಂಡಿಲ್ಲ.
ಅಲ್ಲಿ ಎಲ್ಲರ ಮಾತೂ ಚಿರಂಜೀವಿ,
ಯಾರೂ ಅಗೆಯುವುದಿಲ್ಲವಾದ್ದರಿಂದ.

ಆದರೆ ಭಾಯಖಳಾದ ಆ ತಿರುವು?
ಹೊಸ ಕಾಂಕ್ರೀಟು, ಐದು ವರ್ಷ ಮುಟ್ಟುವಂತಿಲ್ಲ.
ಅಲ್ಲೂ ಸರಳು ಊರಿದ, ಅಲ್ಲೂ ಇಲ್ಲೇ ಐತಿ ಎಂದ.
ಅದೀಗ ಏನು? ನಿಜವೇ, ಸುಳ್ಳೇ,
ಎರಡೂ ಆಗಲಾರದೆ ಬರೀ ಗಂಟಲ ಸದ್ದೇ?
ಕಡತದಲ್ಲಿ 'ದೃಢಪಟ್ಟಿಲ್ಲ' ಎಂದು ಬರೆದು ಸಹಿ ಹಾಕಿದೆ.
ಎದುರಿನ ಚಾಳಿನ ಮೂರನೇ ಮಹಡಿಯಲ್ಲಿ
ನಲ್ಲಿಯ ಕೆಳಗೆ ಕೊಡವಿಟ್ಟು ಒಬ್ಬಳು
ನೂಲಿನಂಥ ಧಾರೆಯನ್ನು ನೋಡುತ್ತ ಕೂತಿದ್ದಳು.
ಸಾಬೀತಾಗುವ ತನಕ ಕಾಯುವ ಸಂಯಮ
ನೀರಿಗೆಲ್ಲಿದೆ?

ಕಳೆದ ತಿಂಗಳು ವೈದ್ಯಕೀಯ ತಪಾಸಣೆ.
ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಕಿವಿಗೆ ಬಟ್ಟಲು ಕಟ್ಟಿ
ಚೀಟಿ ಕೊಟ್ಟರು: ಎಡಗಿವಿ ಪೂರಾ ಹೋಗಿದೆ,
ಬಲಗಿವಿ ಅರ್ಧ.
ಚೀಟಿ ಓದಿ ನನಗೆ ನಾಲಿಗೆ ಒಣಗಿತು.
ಆರು ತಿಂಗಳು ಕಣ್ಣಾರೆ ಕಂಡಿದ್ದೇನೆ,
ಅವನು ಊರುವುದು ಎಡಗಿವಿ.

"ಕಿವಿ ಯಾವಾಗೋ ಹೋಗೇತ್ರಿ ಬಾಯಾರ,
ನಾ ಕೇಳೂದು ಹಲ್ಲಿಲೆ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು
ಎಂದು ಡೊಂಬಿವಲಿಯ ಅಡುಗೆಮನೆಯಲ್ಲಿ
ಅಕ್ಕಿಯ ತೂಕದ ವಿಷಯಕ್ಕೆ ಅಮ್ಮ ಹೇಳುತ್ತಿದ್ದಳು.
ನಾನು ಕಂಡಿದ್ದು ಅವನ ಬೆನ್ನು, ಟೋಪಿ, ಸರಳಿನ ನೆರಳು.
ಕಿವಿಯನ್ನು ನಾನೇ ಸೇರಿಸಿಕೊಂಡಿದ್ದೆ.

ಪಂಚೆಯ ತುದಿಯಿಂದ ಒರೆಸಿ ಸರಳು ಮುಂದೆ ಹಿಡಿದ.
ಕಚ್ಚಿದೆ. ತುಕ್ಕು, ತಂಬಾಕು.
ಆಮೇಲೆ ದವಡೆಯೊಳಗೆ, ಕಪಾಲದ ಹಿಂದೆ ಎಲ್ಲೋ
ದೂರದ ಮನೆಯಲ್ಲಿ ಯಾರೋ
ಒಂದೇ ಸಮನೆ ಶ್‌ ಶ್‌ ಎಂದು ಮಗು ಮಲಗಿಸಿದಂತೆ.
ನೀರೋ, ನನ್ನದೇ ರಕ್ತವೋ.

"ಕೇಳಿಸ್ತೇನ್ರಿ?"
"ಹೂಂ" ಎಂದೆ.

ಆ ಹೂಂನ ಕೆಳಗೆ ಏನಿದೆಯೆಂದು
ಅವನು ಅಗೆದು ನೋಡಲಿಲ್ಲ.
ಸರಳು ಹೆಗಲಿಗೇರಿಸಿ
ಮುಂದಿನ ವಾಲ್ವಿನ ಕಡೆ ನಡೆದ.