ನೀರಿಗೆ ಹೆಪ್ಪು

ಗಾಜಿನ ತೊಟ್ಟಿ ಬಂದು ಹನ್ನೊಂದು ದಿನ.
ಅರವತ್ತು ಲೀಟರು ನೀರು, ತಳದಲ್ಲಿ ಕರಿಮರಳು,
ಮೂಲೆಯಲ್ಲಿ ಗುಳುಗುಳು ಅನ್ನುವ ಫಿಲ್ಟರು.
ಮೀನಿಲ್ಲ.

"ಅತ್ತೆ, ಮೀನೆಲ್ಲಿ?"
ಗಾಜಿಗೆ ಮೂಗೊತ್ತಿ ಕೇಳುತ್ತಾನೆ ವೀತೆಕ್.
ಮನೆ ಇನ್ನೂ ಸಿದ್ಧವಾಗಿಲ್ಲ ಕಣೋ, ಅಂದೆ.
ನೀರಿದೆ, ದೀಪವಿದೆ,
ಪ್ಲಾಸ್ಟಿಕ್ಕಿನ ಕೋಟೆ ಕೂಡ ಇದೆಯಲ್ಲ,
ಇನ್ನೇನು ಬೇಕು?
ಆರು ವರ್ಷದ ವಕೀಲ.

ಇಲ್ಲದ ಮೀನಿಗೆ ದಿನಾ ಊಟ ಹಾಕುತ್ತೇನೆ,
ಒಂದು ಚಿಟಿಕೆ ಪುಡಿ. ಕೊಳೆಯಲಿ ಅಂತಲೇ.
ಕೊಳೆತರೆ ಅಮೋನಿಯಾ.
ಅಮೋನಿಯಾ ಇದ್ದರೆ ಅದನ್ನು ತಿನ್ನುವವರು ಬರುತ್ತಾರಂತೆ:
ಕಣ್ಣಿಗೆ ಕಾಣದವರು,
ಕರೆದರೆ ಬಾರದವರು,
ಎಲೆ ಹಾಕಿಟ್ಟರೆ ತಾವೇ ಬಂದು ಕೂರುವವರು.

ಸಂಜೆಗೊಮ್ಮೆ ನಳಿಗೆಯಲ್ಲಿ ಐದು ಮಿಲಿ ನೀರು,
ಒಂದು ಶೀಸೆಯಿಂದ ಎಂಟು ಹನಿ, ಇನ್ನೊಂದರಿಂದ ಎಂಟು.
ಅಲ್ಲಾಡಿಸು. ಐದು ನಿಮಿಷ ಕಾಯಿ.
ಹಳದಿ ಬಂದರೆ ನೀರು ನಿರಪರಾಧಿ.
ನನಗೆ ಬರುವುದು ಹಸಿರು,
ದಿನದಿನಕ್ಕೂ ಗಾಢವಾಗುವ ಹಸಿರು.

ಹೀಗೆ ಬಣ್ಣ ನೋಡಿ ಹೆದರುವುದು ನನಗೆ ಹೊಸದಲ್ಲ.
ಬ್ರನೋ ನಗರದ ಆಸ್ಪತ್ರೆಯಲ್ಲಿ, ಡಯಾಲಿಸಿಸ್ ವಾರ್ಡಿನಲ್ಲಿ,
ಇಪ್ಪತ್ತೆರಡು ವರ್ಷ.
ಮೈ ಹೊರಹಾಕಲಾರದ್ದನ್ನು ಯಂತ್ರದಲ್ಲಿ ತೊಳೆದು
ರಕ್ತವನ್ನು ಮತ್ತೆ ಮೈಗೇ ಕೊಡುವ ಕೆಲಸ.
ಸೋಮ, ಬುಧ, ಶುಕ್ರ. ನಾಲ್ಕು ನಾಲ್ಕು ಗಂಟೆ.
ಅಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ,
ಆದರೂ ಎಲ್ಲರಿಗೂ ಗೊತ್ತು,
ಮುಳುಗಿಸುವುದು ನಮ್ಮದೇ ಉಳಿಕೆ ಅಂತ.

ಅದಕ್ಕೇ ತೊಳೆದೆ.
ಮರಳು ತೊಳೆದೆ, ಕೋಟೆ ತೊಳೆದೆ,
ಹತ್ತನೇ ದಿನ ಫಿಲ್ಟರಿನ ಸ್ಪಂಜನ್ನೂ ನಲ್ಲಿಯಡಿ ಹಿಡಿದು
ಹಿಂಡಿ ಹಿಂಡಿ ಬೆಳ್ಳಗೆ ಮಾಡಿದೆ.

ಕೆಳಮಹಡಿಯ ಓಲ್ದ್ರಿಖ್ ಕೇಳಿ ನಕ್ಕ.
ಒಂದು ಕಾಲಕ್ಕೆ ಟ್ರಾಮ್ ರಿಪೇರಿ ಮಾಡುತ್ತಿದ್ದವನು,
ಮೂವತ್ತು ವರ್ಷದ ತೊಟ್ಟಿ ಅವನದು.
"ಊಟಕ್ಕೆ ಕರೆದೆ, ಬಾಗಿಲಿಗೆ ಬಂದವರ ಮೇಲೆ
ಕ್ಲೋರಿನ್ ಸುರಿದೆಯಲ್ಲ, ದ್ರಾಹಾ."
ತನ್ನ ಸ್ಪಂಜಿನ ಅರ್ಧ ಕತ್ತರಿಸಿ,
ಸಾರಿನ ಪಾತ್ರೆಯಲ್ಲಿ ತೊಟ್ಟಿಯದೇ ನೀರಲ್ಲಿ ಮುಳುಗಿಸಿ,
ಮುಚ್ಚಳ ಮುಚ್ಚಿ, ಲಿಫ್ಟಿನಲ್ಲಿ ತಂದುಕೊಟ್ಟ.
ಕಂದು ಬಣ್ಣ, ಲೋಳೆ, ಕೆರೆಯಂಗಳದ ವಾಸನೆ.
"ತೊಳೆಯಬೇಡ," ಅಂದ. ಮೆಟ್ಟಿಲಿಳಿಯುತ್ತ ಇನ್ನೊಮ್ಮೆ
ಕೂಗಿದ, "ತೊಳೆಯಬೇಡ!"

ಒಂದು ಪಾಳಿಗೆ ನಲವತ್ತು ಸಲ ತೊಳೆದು
ಗೆಣ್ಣುಗೆಣ್ಣಿಗೂ ಸೀಳಿದ ಕೈ ನನ್ನದು.
ಆ ಕೈಯಿಂದಲೇ ಆ ಕೊಳೆಯನ್ನು ಎತ್ತಿ
ನನ್ನ ನಿರ್ಮಲ ನೀರಿಗೆ ಇಳಿಸಿದೆ.
ಮಂಜಿನ ಹಾಗೆ ಕಂದು ಹರಡಿತು.
ನನ್ನಜ್ಜಿ ಹಾಲಿಗೆ ಹೆಪ್ಪು ಹಾಕಿ
ನೆಲಮಾಳಿಗೆಯ ಕತ್ತಲಲ್ಲಿಟ್ಟು ಬರುವಳು.
ಇಣುಕಬೇಡಿ, ಅಲ್ಲಾಡಿಸಬೇಡಿ,
ಅದರ ಕೆಲಸ ಅದು ಮಾಡಿಕೊಳ್ಳುತ್ತೆ.

ಹದಿನೇಳನೇ ದಿನ ಹಸಿರು ತೆಳುವಾಯಿತು.
ಕುಣಿಯುವಷ್ಟರಲ್ಲಿ ಎರಡನೇ ನಳಿಗೆ ನೇರಳೆ:
ನೈಟ್ರೈಟ್.
ಒಬ್ಬರು ತಿಂದು ಬಿಟ್ಟದ್ದು ಇನ್ನೊಂದು ವಿಷ,
ಅದನ್ನು ತಿನ್ನುವವರು ಇನ್ನೂ ದಾರಿಯಲ್ಲಿದ್ದಾರೆ.
ಹೊರಗೆ ಹಿಮ ಬಿತ್ತು, ಕರಗಿ ಕೆಸರಾಯಿತು.
ವೀತೆಕ್ ಬೇಸತ್ತು ಡೈನೋಸಾರುಗಳ ಕಡೆ ಹೋದ.
ಬಿಳಿಹಾಳೆಯಲ್ಲಿ ಅಂಕಿ ಬರೆಯುತ್ತಾ ನಾನು
ಖಾಲಿ ನೀರಿನ ಎದುರು ಕೂತಿದ್ದೆ, ರೋಗಿಯಿಲ್ಲದ ದಾದಿ.

ಮೂವತ್ತನಾಲ್ಕನೇ ದಿನ, ರಾತ್ರಿಪಾಳಿ ಮುಗಿಸಿ ಬಂದು
ಕೋಟು ಕೂಡ ತೆಗೆಯದೆ ಹನಿ ಹಾಕಿದೆ.
ಹಳದಿ.
ಪಕ್ಕದ್ದು ತಿಳಿನೀಲಿ.
ಐದು ನಿಮಿಷ ಹತ್ತಾಯಿತು, ಹಳದಿ ಹಳದಿಯಾಗಿಯೇ ಉಳಿಯಿತು.

ಮೊದಲು ಮೂರೇ ಮೀನು, ಅಂದಿದ್ದ ಓಲ್ದ್ರಿಖ್. ಮೂರೇ ತಂದೆ,
ಕಿತ್ತಳೆ ಬಣ್ಣದವು. ಮೂರಕ್ಕೂ ವೀತೆಕ್ ಒಂದೇ ಹೆಸರಿಟ್ಟ.
ಆಮೇಲೆ ಸ್ಪಂಜಿನ ಕಡೆ ಬೆರಳು ಮಾಡಿ,
"ಅದರೊಳಗೆ ಎಷ್ಟು ಜನ?"
ಎಣಿಸಲಿಕ್ಕಾಗದು.
"ಅವರಿಗೆ ನಾವು ಕಾಣುತ್ತೇವಾ?"
ಇಲ್ಲ ಕಣೋ.
ಆದರೂ ಟಾಟಾ ಮಾಡಿದ.

ನಾಳೆ ಏಳಕ್ಕೆ ಪಾಳಿ.
ಕೈಗೆ ಕೆಸರಿನ ವಾಸನೆ ಹತ್ತಿದೆ.
ತೊಳೆಯುತ್ತೇನೆ,
ಸ್ವಲ್ಪ ತಡೆದು.