ಹಳೇ ಬಾಕಿ

ರಾತ್ರಿ ಹನ್ನೊಂದರ ಮೇಲೆ ಕಾತ್ರಜ್ ಘಾಟು
ಒಂದಿಷ್ಟು ರಸ್ತೆ ಬಿಟ್ಟುಕೊಡುತ್ತಿತ್ತು ನಮಗೆ.
ಹೆಸರಿಡದ ಬಸ್ಸು, ಬಣ್ಣ ಬಳಿಯದ ಮೈ,
ನಲವತ್ತು ಸೀಟಿಗೆ ನಲವತ್ತು ಮರಳಿನ ಚೀಲ,
ಒಂದೊಂದಕ್ಕೂ ಬೆಲ್ಟು.
ಕಂಡಕ್ಟರನ ಜಾಗದಲ್ಲಿ ನಾನು, ತೊಡೆಯ ಮೇಲೆ ಲ್ಯಾಪ್‌ಟಾಪು,
ಅಲ್ಲಿಂದ ಬಸ್ಸಿನ ಹೊಟ್ಟೆಗೆ ಒಂದು ಕೇಬಲ್ಲು.
ಸ್ಟೇರಿಂಗ್ ಹಿಡಿದವನು ಮಲಕಪ್ಪ, ಅಕ್ಕಲಕೋಟದ ಕಡೆಯವನು,
ಇಡೀ ಚಾಕಣದಲ್ಲಿ ನನ್ನ ಜೊತೆ ಕನ್ನಡ ಆಡುವ ಒಬ್ಬನೇ.

ಸೀಟಿನಡಿಯ ಪೆಟ್ಟಿಗೆಯಲ್ಲಿ ಆರು ಸ್ವಿಚ್ಚು,
ಸೆಕೆಂಡಿಗೆ ಹತ್ತು ಸಾವಿರ ಸಲ ಬಡಿಯುವ ರೆಪ್ಪೆ.
ಬ್ಯಾಟರಿಯ ನೇರ ಕರೆಂಟನ್ನು ಕತ್ತರಿಸಿ ಕತ್ತರಿಸಿ
ಮೋಟಾರಿಗೆ ಅಲೆಯಾಗಿ ಬಡಿಸುತ್ತವೆ.
ಮೇಲಿನದು ಮುಚ್ಚಿ ಕೆಳಗಿನದು ತೆರೆಯುವ ನಡುವೆ
ಚೂರು ಬಿಡುವು ಬೇಕು; ಎರಡೂ ಒಟ್ಟಿಗೆ ಕಣ್ಣು ಬಿಟ್ಟರೆ
ಪೆಟ್ಟಿಗೆ ಬೂದಿ.
ಆ ಬಿಡುವನ್ನು ಅಳೆದೇ ಕೊಟ್ಟಿದ್ದೆ. ಅಲ್ಲಿ ತಪ್ಪಿರಲಿಲ್ಲ.

ತಪ್ಪು ಕಂಡಿದ್ದು ಮೇಲೆ, ಹಳೇ ಸುರಂಗದ ಬಾಯಲ್ಲಿ.
ಏರು ಮುಗಿದು ರಸ್ತೆ ಸಮವಾದ ಕೂಡಲೆ
ಹಿಂದಿನಿಂದ ಯಾರೋ ಒದ್ದಂತೆ ಬಸ್ಸು ಮುನ್ನುಗ್ಗುತ್ತಿತ್ತು,
ನಲವತ್ತು ಚೀಲ ಒಟ್ಟಿಗೇ ಹಿಂದಕ್ಕೆ ಒರಗುತ್ತಿದ್ದವು.
ಮೂರು ರಾತ್ರಿ. ಪರದೆಯ ಗೆರೆ ನೋಡಿ ನೋಡಿ ಕಣ್ಣುರಿ.
ಬ್ರೇಕಿನ ಮೇಲೆ ಕಾಲಿಟ್ಟೇ ಮಲಕಪ್ಪ ಹೇಳಿದ:
"ಘಾಟ ಮುಗದೈತಿ ತಂಗೆವ್ವ,
ಇದಕ್ಕ ಇನ್ನಾ ಮುಗದಿಲ್ಲ."

ಎಲ್ಲಿ ನೋಡಬೇಕೆಂದು ಆಗ ಹೊಳೆಯಿತು.
ನಾನೇ ಬರೆದ ಮೂರು ಸಾಲು. ಮೂವತ್ತರ ವೇಗ ಕೇಳಿದೆ,
ಇಪ್ಪತ್ತೆರಡು ಸಿಕ್ಕಿದೆ, ಕೊರತೆ ಎಂಟು,
ಖಾತೆಗೆ ಬರೆ; ಮತ್ತೆ ಎಂಟು, ಬರೆ; ಮತ್ತೆ.
ಕರೆಂಟು ಮಿತಿಗೆ ತಾಗಿ, ಕೊಡಲು ಏನೂ ಉಳಿಯದಾಗಲೂ
ಬರೆಯುತ್ತಲೇ ಇತ್ತು,
ಅಂಗಡಿ ಮುಚ್ಚಿದ ಮೇಲೂ ಕಟ್ಟೆಯ ಮೇಲೆ ಕೂತು
ಉದ್ರಿ ಬರೆಯುವ ಗುಮಾಸ್ತನ ಹಾಗೆ.
ತುದಿ ಮುಟ್ಟಿದಾಗ ಅಷ್ಟೂ ಬಾಕಿ ಒಂದೇ ಏಟಿಗೆ ವಸೂಲಿ.

ಅಳಿಸಿದೆ. ಮಿತಿಗೆ ತಾಗಿದರೆ ಖಾತೆ ಸೊನ್ನೆ.
ನಾಲ್ಕನೆಯ ರಾತ್ರಿ, "ಏನ್ ಕಲಿಸಿದಿ ಇದಕ್ಕ?" ಅಂದ.
"ಕೈಲಾಗದಾಗ ಲೆಕ್ಕ ಇಡಬ್ಯಾಡ ಅಂದೀನಿ."
ನಕ್ಕ. ನಗು ಮುಗಿಯುವ ಮೊದಲೇ
ಎದುರು ತಿರುವಿನಲ್ಲಿ ಹಾಲಿನ ಟೆಂಪೊ ನಿಂತು, ನಾವೂ ನಿಂತು,
ಮತ್ತೆ ಹೊರಡುವಾಗ
ಬಸ್ಸು ಒಂದು ಮೊಳ ಹಿಂದಕ್ಕೆ ಜಾರಿತು.
ಹಿಂದಿನ ಸ್ಕೂಟರಿನವಳು ಮರಾಠಿಯಲ್ಲಿ
ನಮ್ಮಿಬ್ಬರ ವಂಶವನ್ನೂ ವಿಚಾರಿಸಿಕೊಂಡಳು.
ಮಲಕಪ್ಪ ಕೈಬ್ರೇಕು ಎಳೆದು ಸುಮ್ಮನೆ ಕೂತ.
ಕೆಳಗೆ ಪುಣೆ, ಉರಿದೇ ಇತ್ತು.
"ಲೆಕ್ಕಾನ ಇಡದಿದ್ರ ಏರ ಹತ್ತೂದು ಹ್ಯಾಂಗ?"
ಆಮೇಲೆ, ನಾನು ಕೇಳದೆಯೇ, ಹಳೇ ಕಂಪನಿಯ ಮಾತು:
ಹದಿನೇಳು ದಿನದ ಪಗಾರ ಕೊಟ್ಟಿಲ್ಲ, ಒಂಬತ್ತು ವರ್ಷವಾಯಿತು.
"ಬಿಟ್ಟಿಲ್ಲ ನಾನೂ. ಆದ್ರ ದಿನಾ ನೆನಸೂದಿಲ್ಲ.
ದೀಪಾವಳಿಗೊಮ್ಮೆ ಹೋಗಿ ಕೇಳಿ ಬರ್ತೀನಿ."

ಖಾತೆಯನ್ನು ಹರಿಯಬಾರದು, ಹಾಗಾದರೆ.
ಕೇಳಿದ್ದಕ್ಕೂ ಕೊಟ್ಟಿದ್ದಕ್ಕೂ ಇರುವ ಅಂತರ ನೋಡಿ
ಅದರ ಒಂದು ಪಾಲಿನಷ್ಟು ಕರಗಿಸುತ್ತ ಬರಬೇಕು.
ಎಷ್ಟು ಪಾಲು? ಸೂತ್ರ ಹೇಳಿದ್ದು ಈ ಘಾಟಿಗೆ ಒಗ್ಗಲಿಲ್ಲ.
ಹನ್ನೊಂದು ಸಲ ಹತ್ತಿದೆವು, ಹನ್ನೊಂದು ಸಲ ಇಳಿದೆವು,
ನಡುವೆ ಶಿಂದೇವಾಡಿಯಲ್ಲಿ ಸಪ್ಪೆ ಚಹಾ.
ಪಾಯಿಂಟ್ ಒಂದು ಎಂಟು.
ಸುರಂಗದ ಬಾಯಲ್ಲಿ ಚೀಲಗಳು ಅಲುಗಲಿಲ್ಲ.
ಮಲಕಪ್ಪ ಹೊರಳಿ ಅವನ್ನೇ ನೋಡಿದ,
ಇಳಿಯುವವರು ಯಾರಾದರೂ ಇದ್ದಾರೇನೋ ಎಂಬಂತೆ.

ಆ ಅಂಕಿಗೆ ಮಲಕಪ್ಪ ಎಂದೇ ಹೆಸರಿಟ್ಟೆ.
ಚಾಕಣದಲ್ಲಿ ಕಡತ ತಿದ್ದುವ ಕೇತಕಿ ಫಣಸಳಕರ್
ಕನ್ನಡಕ ಏರಿಸಿ ಕೇಳಿದಳು, ಇವರು ಯಾವ ದೇಶದ ವಿಜ್ಞಾನಿ?
ನಿಯಮದಂತೆ ಹೆಸರು ಬದಲಾಯಿತು,
ಏನೋ ಮೂರಕ್ಷರ, ಒಂದು ಅಡ್ಡಗೆರೆ.
ಅಂಕಿ ಹಾಗೇ ಉಳಿಯಿತು.

ಈಗ ಬಸ್ಸಿಗೆ ಬಣ್ಣ ಬಂದಿದೆ, ನಂಬರು ಬಂದಿದೆ.
ಚೀಲದ ಜಾಗದಲ್ಲಿ ಜನ. ಬೆಲ್ಟಿಲ್ಲ.
ಮೊನ್ನೆ ಸುರಂಗದ ಹತ್ತಿರ
ಮೇಲಿನ ಪಟ್ಟಿ ಹಿಡಿದು ನಿಂತೇ ನಿದ್ದೆ ಹೋಗಿದ್ದಳು ಒಬ್ಬಳು,
ಸಮ ರಸ್ತೆ ಬಂತು, ಹೋಯಿತು,
ಎಚ್ಚರಾಗಲಿಲ್ಲ.