ಲೋಹವಲ್ಲದ್ದು

ಕೆಲಸ: ವೆಲ್ಡರ್ ಎಂದು ಬರೆದಿದ್ದರೆ
ಮೊದಲು ಕಣ್ಣಿನ ಎಕ್ಸ್‌ರೇ, ಅದು ನಿಯಮ.
ಎಂದೋ ಹಾರಿದ ಕಿಡಿಯ ಚೂರೊಂದು
ರೆಪ್ಪೆಯ ಹಿಂದೆ ಇನ್ನೂ ಮಲಗಿದ್ದರೆ
ನನ್ನ ಯಂತ್ರದ ಕಾಂತ ಅದನ್ನು ಎಬ್ಬಿಸಿ ಎಳೆದೀತು.

ಮೋನಪ್ಪ ದೇವಾಡಿಗ, ಎಪ್ಪತ್ತಮೂರು.
ಹಿದ್ದ್‌ನ ಹಡಗುಕಟ್ಟೆಯಲ್ಲಿ ಮೂವತ್ತೊಂದು ವರ್ಷ
ತೈಲದ ಹಡಗುಗಳ ಹೊಟ್ಟೆಗೆ ಹೊಕ್ಕು ಬೆಸೆದವರು.
ಕಣ್ಣು ಸ್ವಚ್ಛ.
ಉಂಗುರ, ಬೆಳ್ಳಿಯ ಉಡಿದಾರ, ಬೆಲ್ಟು, ಕಟ್ಟಿಸಿದ ಹಲ್ಲು
ಎಲ್ಲ ತಟ್ಟೆಗೆ ಬಂತು.
ಎಡಗೈ ಮುಷ್ಟಿ ಮಾತ್ರ ಬಿಚ್ಚಲಿಲ್ಲ.

"ಸ್ಯಾಕ್ಸೊಫೋನಿನ ರೀಡು," ಎಂದಳು ಮಗಳು ನಾಚಿ,
"ನಿನ್ನೆಯಿಂದ ಹಿಡಿದೇ ಇದ್ದಾರೆ."
ಬೆತ್ತದ ಸಿಪ್ಪೆ, ಹೆಬ್ಬೆರಳಗಲ.
ನನ್ನ ಪಟ್ಟಿಯಲ್ಲಿ ಅದಕ್ಕೆ ನಿಷೇಧವಿಲ್ಲ.
ಇರಲಿ ಅಂದೆ.

ಅವಳೇ ಹೇಳಿದ್ದು, ಸೂಜಿ ಚುಚ್ಚುವಾಗ ಅತ್ತ ನೋಡುತ್ತ:
ಗುದೈಬಿಯಾದ ತಾರಸಿ, ಡಿಶ್ಶುಗಳ ನಡುವೆ,
ಇಶಾ ನಮಾಜು ಮುಗಿದ ಮೇಲೆಯೇ, ದಿನಾ.
ಶ್ರುತಿಪೆಟ್ಟಿಗೆ ಇಲ್ಲ. ಸಾಲಾಗಿ ಹನ್ನೊಂದು ಎ.ಸಿ. ಯಂತ್ರ,
ಅದರಲ್ಲಿ ಪಠಾಣರ ಕೋಣೆಯದ್ದೊಂದೇ ಸರಿಯಾದ ಷಡ್ಜ.
ಅದು ಕೆಟ್ಟಾಗ ತಮ್ಮ ದುಡ್ಡಿನಲ್ಲೇ ರಿಪೇರಿ ಮಾಡಿಸಿದರಂತೆ.
ರಿಪೇರಿಯಾಗಿ ಬಂದದ್ದು ಅರ್ಧ ಸ್ವರ ಏರಿತ್ತು.
ಎಂಟು ದಿನ ಸರಿಯಾಗಿ ಉಣ್ಣಲಿಲ್ಲವಂತೆ.

ಈಗ, ಎಂದಳು, ಬಚ್ಚಲಮನೆಯ ದಾರಿ ತಪ್ಪುತ್ತದೆ.
ಕೋಲ್ಡ್ ಸ್ಟೋರಿಗೆ ಹೋದವರನ್ನು ಪೊಲೀಸರು ಕರೆತಂದರು.
ನನ್ನನ್ನು ಲಲಿತಕ್ಕ ಅನ್ನುತ್ತಾರೆ,
ತೀರಿಹೋದ ಅವರ ಅಕ್ಕ.
ಆದರೆ ವರ್ಣ, ಎರಡನೇ ಕಾಲದಲ್ಲಿ, ಒಂದು ಸ್ವರ ಬೀಳುವುದಿಲ್ಲ.
ಇದು ಹೇಗೆ, ಮೇಡಂ?

ನಾನು ತಂತ್ರಜ್ಞೆ. ಚಿತ್ರ ತೆಗೆಯುತ್ತೇನೆ, ಅಷ್ಟೆ.

ಕೊಳವೆಯೊಳಗೆ ಸರಿಸಿದೆ. ಯಂತ್ರ ಬಡಿಯತೊಡಗಿತು.
ಮೊದಲ ಚಿತ್ರ ಕಲಕಿತ್ತು.
ಎರಡನೆಯದೂ.
ಗಾಜಿನಾಚೆ ನೋಡಿದರೆ ಬಲಗೈ ಬೆರಳು ತೊಡೆಯ ಮೇಲೆ
ಇಲ್ಲದ ಕೀಲಿಗಳನ್ನು ಒತ್ತುತ್ತಿವೆ.
ಬೆರಳು ಆಡಲಿ, ಅಡ್ಡಿಯಿಲ್ಲ. ತಲೆ.
"ಮೋನಪ್ಪಣ್ಣ, ತಲೆದೂಗಬಾರದು."
ಮೈಕಿನಲ್ಲಿ ಉತ್ತರ, ಹಲ್ಲಿಲ್ಲದ ಬಾಯಿಂದ:
"ಲಯ ಓಡ್ತದೆ ಮಾರಾಯ್ತಿ! ಏಳಕ್ಕೆ ಬೀಳ್ಬೇಕಾದ್ದು
ಆರೂಮುಕ್ಕಾಲಿಗೆ ಬೀಳ್ತದೆ. ಡೋಲಿಗೆ ಯಾರು?"

ಬೆಳಿಗ್ಗೆ ಇದೇ ಮನುಷ್ಯ
ಇಸವಿ ಕೇಳಿದ್ದಕ್ಕೆ ಎಂಬತ್ತೆಂಟು ಅಂದಿದ್ದರು,
ಊರು ಕೇಳಿದ್ದಕ್ಕೆ ಬಾರಕೂರು.

ನಾನೂ ಪಿಟೀಲು ಕಲಿತಿದ್ದೆ, ಗೀತೆಗಳವರೆಗೆ.
ಹದಿಮೂರಕ್ಕೆ ಬಿಟ್ಟೆ. ಪರೀಕ್ಷೆ ಇತ್ತು, ಯಾವಾಗಲೂ ಒಂದು ಪರೀಕ್ಷೆ.
ಎಲ್ಲಿಂದ ಬಂತೋ, ಗುಂಡಿ ಒತ್ತಿ ಹೇಳಿದೆ:
"ಇದು ತನಿ ಆವರ್ತನ, ಮೋನಪ್ಪಣ್ಣ.
ನಿಮ್ಮ ಸರದಿ ಬಂದಿಲ್ಲ."

ಕಲ್ಲಾದರು.
ಹದಿನೆಂಟು ನಿಮಿಷ. ಹುಬ್ಬೂ ಅಲುಗಲಿಲ್ಲ.
ಪಕ್ಕವಾದ್ಯದವನಿಗೆ ಕೊಡುವ ಮರ್ಯಾದೆ
ನನ್ನ ಗುಡುಗುವ ಡಬ್ಬಿಗೂ ಸಿಕ್ಕಿತು.

ಚಿತ್ರ ಸ್ಫುಟವಾಗಿ ಬಂತು, ಬರಬಾರದಿತ್ತು.
ಬಿಸಿಲಿಗಿಟ್ಟ ಅಕ್ರೋಟಿನ ತಿರುಳು,
ಹೊರಗೋಡೆಗೂ ಒಳಗಿನದಕ್ಕೂ ನಡುವೆ ಕಪ್ಪು ನೀರು.
ಡಾಕ್ಟರ್ ನಜೀಬಾ ಕನ್ನಡಕ ಏರಿಸಿ ಕೇಳಿದರು:
"ಇವರು ನಡೆದು ಬಂದರೆ? ಮಾತಾಡಿದರೆ?"
ಜಗಳವಾಡಿದರು, ಅಂದೆ.
ಸಂಗೀತದ ಮಾತೆತ್ತಿದೆ. ಅವರು ತುಸು ಸುಮ್ಮನಿದ್ದು,
"ಇರಬಹುದು. ಇಂಥವರ ಬಗ್ಗೆ ಓದಿದ್ದೇನೆ.
ಆದರೆ ಮಗಳಿಗೆ ಅದನ್ನು ಭರವಸೆ ಅಂತ ಹೇಳಬೇಡ," ಎಂದರು.

ಹೇಳಲಿಲ್ಲ.
ಆದರೆ ಒಂದು ಲೆಕ್ಕ ತಲೆಯಲ್ಲಿ ಉಳಿಯಿತು.
ಪ್ರತಿ ತಿಂಗಳ ದೀನಾರು ಡ್ರಾಫ್ಟಾಗಿ ಊರಿಗೆ ಹೋಯಿತು,
ತಮ್ಮಂದಿರ ಅಂಗಡಿ, ತಂಗಿಯ ಮದುವೆ, ಯಾರದೋ ಬಾವಿ.
ತಾರಸಿಯ ಮೇಲೆ ಗಳಿಸಿದ್ದನ್ನು ಮಾತ್ರ
ಯಾವ ಎಕ್ಸ್‌ಚೇಂಜಿನವನೂ ಕಳಿಸಿಕೊಡಲಿಲ್ಲ.
ಅದು ಇಲ್ಲೇ ಇತ್ತು, ಕರಗುತ್ತ.

ಹೊರಗೆ ಎಳೆದಾಗ ರೀಡನ್ನು ನಾಲಿಗೆಯ ಮೇಲಿಟ್ಟು
ನೆನೆಸುತ್ತಿದ್ದರು, ಸಿದ್ಧತೆಗೆ.
"ಮುಗೀತಾ ಅವಂದು?"
ಮುಗೀತು.
"ಹುಡುಗ ಪರವಾಗಿಲ್ಲ. ಸ್ವಲ್ಪ ಅವಸರ."

ಉಂಗುರ ಹಾಕಿಕೊಂಡರು, ಬೆಲ್ಟು ಮಗಳು ಕಟ್ಟಿದಳು.
ಮುಂದಿನವರ ಹೆಸರು ಕರೆಯುತ್ತಿದ್ದೇನೆ,
ಅವಳು ಏದುಸಿರಿನಲ್ಲಿ ಬಂದು ಬಾಗಿಲು ತಟ್ಟಿದಳು.
ಹಲ್ಲು ತಟ್ಟೆಯಲ್ಲೇ ಇದೆ.